ನೋಡುಗರಿಲ್ಲದ ಹಬ್ಬ: ಅಂಗನವಾಡಿ ಮತ್ತು ಎಳೆಯ ಬಾಲ್ಯ



ನಮ್ಮ ಸೀಮೆಯ ಮಕ್ಕಳಿಗೆ ತಮ್ಮವೇ ಆದ ಕೆಲವು ಹಬ್ಬಗಳಿವೆ. ಮಳೆಗಾಲದೊಂದಿಗೆ ಬರುವ ಮೊದಲನೆಯದು ಮಣ್ಣೆತ್ತಿನ ಅಮಾವಾಸ್ಯೆ. ಕಾರಹುಣ್ಣಿಮೆ ಕಳೆದ ಹದಿನೈದು ದಿನಕ್ಕೆ ಬರುವ ಈ ಹಬ್ಬದಲ್ಲಿ ದೊಡ್ಡವರು ಜೋಡೆತ್ತು, ಮೇವಿನ ಗ್ವಾದಲಿ ಇಟ್ಟು ಪೂಜೆ ಮಾಡುತ್ತಾರೆ. ಉಳಿದ ಮಣ್ಣು ಮಕ್ಕಳ ಪಾಲು. ಕಟ್ಟೆಯ ಮೇಲೆ ಕುಳಿತ ನಾಲ್ಕು ವರ್ಷದ ಕೂಸು ಮಾಡಿದ ಎತ್ತಿಗೆ ಮೂರೇ ಕಾಲಿರಬಹುದು, ಕೋಡು ಬೆನ್ನ ಮೇಲೆ ಮೂಡಿರಬಹುದು. ಅದನ್ನು ಯಾರೂ ತಿದ್ದುವುದಿಲ್ಲ. ಬಹುಮಾನವಿಲ್ಲ, ಚಪ್ಪಾಳೆಯಿಲ್ಲ. ಕೂಸು ಮಾತ್ರ ನಾಲಗೆ ಕಚ್ಚಿಕೊಂಡು ಇನ್ನೊಂದು ಎತ್ತಿಗೆ ಮಣ್ಣು ನಾದುತ್ತಿರುತ್ತದೆ.

ಎಳೆಯ ಬಾಲ್ಯವನ್ನು ಸಂಭ್ರಮಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಈ ಕಟ್ಟೆಯ ಮೇಲೆ ಕೂತೇ ಕೇಳಬೇಕು ಎಂಬುದು ನನ್ನ ನಿಲುವು. ಏಕೆಂದರೆ ಇಂದು ಶಿಶುಶಿಕ್ಷಣದಲ್ಲಿ ಸಂಭ್ರಮ ಎಂಬ ಮಾತು ಎಲ್ಲೆಲ್ಲೂ ಕೇಳುತ್ತಿದೆ. ಅಂಗನವಾಡಿಗಳಲ್ಲಿ ಬಾಲಮೇಳ, ಖಾಸಗಿ ನರ್ಸರಿಗಳಲ್ಲಿ ವಾರ್ಷಿಕೋತ್ಸವ, ಎರಡೂ ಕಡೆ ಛದ್ಮವೇಷ. ಈಚೆಗೆ ಯುಕೆಜಿ ಮುಗಿಸಿದ ಐದು ವರ್ಷದ ಮಕ್ಕಳಿಗೆ ಕರಿ ಗೌನು ತೊಡಿಸಿ, ಚೌಕ ಟೋಪಿ ಇಟ್ಟು, ಪದವಿ ಪ್ರದಾನವೆಂದು ಫೋಟೋ ತೆಗೆಯುವ ಪದ್ಧತಿಯೂ ಬಂದಿದೆ. ಇವುಗಳಲ್ಲಿ ಕುರ್ಚಿ ದೊಡ್ಡವರದು, ವೇದಿಕೆ ಮಕ್ಕಳದು. ತಾಸುಗಟ್ಟಲೆ ಬಣ್ಣ ಬಳಿದುಕೊಂಡು ಕಾದು ಕಂಗಾಲಾದ ಕೂಸು ಎರಡು ನಿಮಿಷ ಕುಣಿದು ಇಳಿಯುತ್ತದೆ. ನಾವು ಅದನ್ನು ಮಕ್ಕಳ ಹಬ್ಬ ಎನ್ನುತ್ತೇವೆ. ಮಗುವಿನ ದೃಷ್ಟಿಯಿಂದ ಅದು ದೊಡ್ಡವರ ಹಬ್ಬಕ್ಕೆ ಮಾಡಿದ ಬಿಟ್ಟಿ ಚಾಕರಿ. ಮಾತು ಕಟುವಾಯಿತೆಂದು ಅನಿಸಿದರೆ ಕ್ಷಮಿಸಿ. ಆದರೆ ನಾನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇದು ಹೊಸ ವಿಚಾರವೇನಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದು, ಕೆಲವು ವರ್ಷಗಳ ನಂತರ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟಾಗ, ಆಟವೇ ಮಗುವಿನ ಗಂಭೀರ ಉದ್ಯೋಗ ಎಂಬ ತತ್ತ್ವ ಅದರ ಅಡಿಗಲ್ಲಾಗಿತ್ತು. ವೈದ್ಯೆಯಾಗಿದ್ದ ಮರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದರು. ಕೈಗೆ ತಕ್ಕ ಕೆಲಸ ಸಿಕ್ಕರೆ ಕೂಸುಗಳು ಬಹುಮಾನವನ್ನೂ ಸಿಹಿಯನ್ನೂ ಮರೆತು ಅದರಲ್ಲಿ ಮುಳುಗುತ್ತವೆ ಎಂಬುದನ್ನು ಅವರು ಅಲ್ಲಿ ಕಂಡರು. ಅವರೇ 1939ರಲ್ಲಿ ಭಾರತಕ್ಕೆ ಬಂದು, ಮಹಾಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದು, ಅಡ್ಯಾರಿನಿಂದ ಆರಂಭಿಸಿ ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು.

ಅವರು ಬರುವ ಮೊದಲೇ ಗುಜರಾತಿನಲ್ಲಿ ಕೆಲಸ ಶುರುವಾಗಿತ್ತು. ವಕೀಲಿ ಬಿಟ್ಟು ಮಕ್ಕಳ ಬಳಿ ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರನ್ನು ಜನ ಮೀಸೆಯ ತಾಯಿ ಎಂದು ಕರೆದರು. ಅವರ ಜೊತೆಗಾರ್ತಿ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿಯಲ್ಲೂ ಕೋಸಬಾಡದಲ್ಲೂ ಅನುತಾಯಿ ವಾಘ್ ಅವರೊಂದಿಗೆ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ಶಾಲೆಗೆ ಬಾರದ ಮಕ್ಕಳನ್ನು ಕಾಯುತ್ತ ಕೂಡದೆ, ಶಾಲೆಯನ್ನೇ ಅವರ ಹಟ್ಟಿಯ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಹೆಸರಿನ ಹಿಂದೆ ಈ ಅಂಗಳವಿದೆ. ಇಂದು ನಾವು ಆ ಪದವನ್ನು ಕೇಳಿದೊಡನೆ ನಾಲ್ಕು ಗೋಡೆ, ಒಂದು ತೂಕದ ಯಂತ್ರ, ಕುಕ್ಕರ್ ಮತ್ತು ಗೋಡೆಬರಹ ನೆನೆಯುತ್ತೇವೆ. ಅಂಗಳ ಮಾತ್ರ ನೆನಪಾಗುವುದಿಲ್ಲ. ಕನ್ನಡನಾಡಿನಲ್ಲಿಯೂ ಈ ಕಾಳಜಿ ಹಳೆಯದು. ಪತ್ರಿಕಾ ಸಂಪಾದಕಿಯಾಗಿದ್ದ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರು ನಮ್ಮ ಮಕ್ಕಳ ಬಾಯಿಗೆ ಹಾಡು ಕೊಟ್ಟರು.

ಸರ್ಕಾರ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು 1975ರ ಅಕ್ಟೋಬರ್ 2ರಂದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದ ಪಾಲಿಗೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ 100 ಅಂಗನವಾಡಿಗಳು ತೆರೆದವು. ಈಗ ರಾಜ್ಯದಲ್ಲಿ ಅವುಗಳ ಸಂಖ್ಯೆ 65 ಸಾವಿರವನ್ನು ದಾಟಿದೆ. ಯೋಜನೆಯ ಆರು ಸೇವೆಗಳಲ್ಲಿ ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮೇಲಿನ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆರೋಗ್ಯ ತಿಳಿವಳಿಕೆ ಇವು ಐದಾದರೆ, ಶಾಲಾಪೂರ್ವ ಶಿಕ್ಷಣ ಆರನೆಯದು. ಹಸಿವು ಮುಂದಿದ್ದುದರಿಂದ ಊಟಕ್ಕೆ ಮೊದಲ ಮಣೆ ಸಿಕ್ಕಿತು. ಅದು ತಪ್ಪಲ್ಲ. ಆದರೆ ಐವತ್ತು ವರ್ಷ ತುಂಬಿದ ಮೇಲೂ ಊರಿನವರ ಬಾಯಲ್ಲಿ ಅಂಗನವಾಡಿ ಎಂದರೆ ಮೊಟ್ಟೆ ಕೊಡುವ, ಹಾಲು ಕೊಡುವ, ಹಿಟ್ಟು ಕೊಡುವ ಜಾಗ. ಅಲ್ಲಿ ಕಲಿಕೆ ನಡೆಯುತ್ತದೆ ಎಂದು ಹೇಳುವವರು ಕಡಿಮೆ.

ಕಾನೂನಿನ ಕಡೆಯಿಂದ ನೋಡಿದರೆ ಈ ಅಸಮತೋಲ ಇನ್ನೂ ಸ್ಪಷ್ಟ. 2002ರ ಸಂವಿಧಾನದ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರರ ಕೆಳಗಿನವರನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲೇ ಬಿಟ್ಟಿತು. ಹಕ್ಕು ದೊಡ್ಡ ಮಗುವಿಗೆ, ಸದಾಶಯ ಚಿಕ್ಕದಕ್ಕೆ. ಮೆದುಳಿನ ಬೆಳವಣಿಗೆಯ ಶೇಕಡಾ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿ, ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವಾಗಿ ಕಂಡಿತು. ಆ ಹಂತದ ಪಠ್ಯಕ್ರಮ ಚೌಕಟ್ಟು 2022ರ ಅಕ್ಟೋಬರಿನಲ್ಲಿ ಬಂತು. 2023ರ ಮೇ ತಿಂಗಳಲ್ಲಿ ಪೋಷಣೆಯ ಜೊತೆಗೇ ಪಾಠ ಎಂಬ ಕೇಂದ್ರದ ಕಾರ್ಯಕ್ರಮ ಶುರುವಾಗಿ, ದಿನಕ್ಕೆ ಕನಿಷ್ಠ ಎರಡು ತಾಸು ಶಾಲಾಪೂರ್ವ ಶಿಕ್ಷಣಕ್ಕೆ ಎಂದು ಗೊತ್ತುಮಾಡಿತು. ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ ಅದಕ್ಕೂ ಮೊದಲೇ ‘ಚಿಲಿಪಿಲಿ’ ಎಂಬ ಚಟುವಟಿಕೆ ಪುಸ್ತಕವಿತ್ತು. ಕಾಗದದ ಮೇಲೆ ನಮಗೆ ಹೆಚ್ಚಿನ ಕೊರತೆಯಿಲ್ಲ.

ಹಾಗಾದರೆ ಚಟುವಟಿಕೆಯೊಂದು ಅರ್ಥಪೂರ್ಣವಾಗುವುದು ಯಾವಾಗ? ನಾನು ಮತ್ತೆ ಮಣ್ಣೆತ್ತಿಗೇ ಬರುತ್ತೇನೆ. ಮೊದಲಿಗೆ, ಅಲ್ಲಿ ಕೆಲಸ ಮಗುವಿನ ಕೈಯದು. ಕಾರ್ಯಕರ್ತೆ ರಾತ್ರಿಯೆಲ್ಲ ಕೂತು ಥರ್ಮೋಕೋಲ್ ಕತ್ತರಿಸಿ ಗೋಡೆಗೆ ಅಂಟಿಸಿದ ನವಿಲು ಎಷ್ಟೇ ಚೆಂದವಿದ್ದರೂ ಅದರಿಂದ ಕಲಿತವರು ಕಾರ್ಯಕರ್ತೆ. ಎರಡನೆಯದಾಗಿ, ಇಪ್ಪತ್ತು ಮಕ್ಕಳು ಮಣ್ಣು ಹಿಡಿದರೆ ಇಪ್ಪತ್ತು ಬಗೆಯ ಎತ್ತುಗಳಾಗುತ್ತವೆ. ಮುದ್ರಿಸಿದ ಸೇಬಿನ ಚಿತ್ರಕ್ಕೆ ಗೆರೆ ದಾಟದಂತೆ ಕೆಂಪು ತುಂಬು ಎಂದರೆ ಇಪ್ಪತ್ತೂ ಒಂದೇ. ನಮ್ಮೂರಲ್ಲಿ ಸೇಬಿನ ಗಿಡ ಯಾವ ಮಗುವೂ ಕಂಡಿಲ್ಲ ಎಂಬುದು ಬೇರೆ ಮಾತು. ಇನ್ನು ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಆ ಕೆಲಸಕ್ಕೂ ಮನೆಯ, ಹೊಲದ, ಕಾಲದ ಬದುಕಿಗೂ ಸಂಬಂಧವಿದೆ. ಮಗು ಎತ್ತನ್ನು ಕಂಡಿದೆ, ಮುಟ್ಟಿದೆ, ಅದರ ಗಂಟೆಯ ಸದ್ದು ಕೇಳಿದೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ನವಶಿಲಾಯುಗದ ಜನ ಕುಟ್ಟಿ ಮೂಡಿಸಿದ ಗೂಳಿ ಎತ್ತುಗಳು ಇಂದಿಗೂ ಇವೆ. ಅದೇ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ದನಿಗೊಡುವ ಕಲ್ಲುಗಳೂ ಇವೆ. ಎತ್ತು ಮಾಡುವುದು, ಕಲ್ಲು ಬಡಿದು ಸದ್ದು ಕೇಳುವುದು ಈ ನೆಲದಲ್ಲಿ ಸಾವಿರಾರು ವರ್ಷದ ಚಟುವಟಿಕೆ.

ಕೈಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತಂದೆತಾಯಿಗಳ ಆತಂಕವೆಲ್ಲ ಅಲ್ಲಿದೆ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಬಹುಪಾಲು ಮೆದುವಾಗಿರುತ್ತವೆ; ಬೆರಳಿನ ಸಣ್ಣ ಸ್ನಾಯುಗಳು ತೋಳಿನ ದೊಡ್ಡ ಸ್ನಾಯುಗಳಿಗಿಂತ ತಡವಾಗಿ ಹದಕ್ಕೆ ಬರುತ್ತವೆ. ಆ ಕೈಗೆ ಪೆನ್ಸಿಲು ಕೊಟ್ಟು ಅ ಆ ಇ ಈ ಬರೆ ಎಂದರೆ ಮುಷ್ಟಿ ಬಿಗಿಹಿಡಿದು ಹಾಳೆ ಹರಿಯುವಂತೆ ಒತ್ತುತ್ತದೆ. ಅದೇ ಕೈ ವರ್ಷವಿಡೀ ಮಣ್ಣು ನಾದಿ, ಹಿಟ್ಟಿನುಂಡೆ ಉರುಳಿಸಿ, ಜೋಳದ ಕಾಳನ್ನು ಎರಡು ಬೆರಳಲ್ಲಿ ಹೆಕ್ಕಿ, ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ದೊಡ್ಡ ದೊಡ್ಡ ಸುತ್ತು ಎಳೆದಿದ್ದರೆ, ಐದೂವರೆ ವರ್ಷಕ್ಕೆ ಪೆನ್ಸಿಲು ತಾನಾಗಿ ಮೂರು ಬೆರಳಿನ ನಡುವೆ ಕೂಡುತ್ತದೆ. ಬರಹದ ಪಾಠ ಅಕ್ಷರಕ್ಕಿಂತ ಬಹಳ ಮುಂಚೆ ಮಣ್ಣಿನಲ್ಲಿ ಆರಂಭವಾಗಿರುತ್ತದೆ ಎಂದು ತಾಯಂದಿರಿಗೆ ಬಿಡಿಸಿ ಹೇಳುವ ಹೊಣೆ ನಮ್ಮದು.

ಲೆಕ್ಕವೂ ಹಾಗೆಯೇ. ಬಳ್ಳಾರಿ ಜಿಲ್ಲೆಯ ನಮ್ಮ ಸಿರುಗುಪ್ಪ ತಾಲ್ಲೂಕು ನೆಲ್ಲಿನ ಸೀಮೆ. ವಿಜಯನಗರ ಕಾಲದ ಕಾಲುವೆಗಳೂ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳೂ ಇಲ್ಲಿ ನೀರುಣಿಸುತ್ತವೆ. ಸೇರು, ಪಾವು ಇನ್ನೂ ಎಷ್ಟೋ ಅಡುಗೆಮನೆಗಳಲ್ಲಿವೆ. ಒಂದು ಬುಟ್ಟಿ ನೆಲ್ಲು, ಒಂದು ಪಾವು, ಒಂದು ಉದ್ದ ಲೋಟ, ಒಂದು ಅಗಲ ಬಟ್ಟಲು ಇಟ್ಟು ಮಕ್ಕಳನ್ನು ಬಿಟ್ಟುಬಿಡಿ. ಒಂದೇ ಪಾವು ನೆಲ್ಲು ಉದ್ದ ಲೋಟದಲ್ಲಿ ಹೆಚ್ಚು ಕಾಣುತ್ತದೆ, ಬಟ್ಟಲಲ್ಲಿ ಕಡಿಮೆ ಕಾಣುತ್ತದೆ. ನಾಲ್ಕು ವರ್ಷದ ಮಗು ಲೋಟದಲ್ಲಿಯೇ ಹೆಚ್ಚು ಎಂದು ಖಂಡಿತವಾಗಿ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಈ ತಪ್ಪನ್ನೇ ಹಿಡಿದು ಮಗುವಿನ ಯೋಚನೆಯ ಸಿದ್ಧಾಂತವೊಂದನ್ನು ಕಟ್ಟಿದರು. ಅದು ತಪ್ಪು ಎಂದು ನಾವು ಹೇಳಿಕೊಟ್ಟರೆ ಮಗು ತಲೆಯಾಡಿಸುತ್ತದೆ, ನಂಬುವುದಿಲ್ಲ. ನೂರು ಸಲ ಸುರಿದು ನೋಡಿದ ಮೇಲೆ ಒಂದು ದಿನ ತಾನೇ ನಗುತ್ತದೆ. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೆ ಆ ನಗು ಇನ್ನೂ ಬಂದಿಲ್ಲದಿರಬಹುದು.

ಮಣ್ಣೆತ್ತಿನ ಅಮಾವಾಸ್ಯೆಯಿಂದ ಮುಂದಕ್ಕೆ ನಮ್ಮ ಪಂಚಾಂಗವನ್ನೇ ಒಂದು ಪಠ್ಯಕ್ರಮದಂತೆ ಓದಬಹುದು. ಉತ್ತರ ಕರ್ನಾಟಕದ ಬಹುಭಾಗದಲ್ಲಿ ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿ ಒತ್ತಿ ಅಲಂಕರಿಸುತ್ತಾರೆ. ಶ್ರಾವಣದ ಪಂಚಮಿಗೆ ಜೋಕಾಲಿ. ಭಾದ್ರಪದದಲ್ಲಿ ಜೋಕುಮಾರ. ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆಗಳ ಆರತಿ ಹಿಡಿದ ಪುಟ್ಟ ಹುಡುಗಿಯರ ಸಾಲು. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯ, ಎರಡೂ ಧರ್ಮದ ಹೆಜ್ಜೆಗಳು. ಕೈಕೆಲಸ, ತೂಗಾಟ, ಲಯ, ರುಚಿ, ಕೂಡಿ ನಡೆಯುವುದು ಇವೆಲ್ಲ ಇದರೊಳಗಿವೆ. ಇಲ್ಲಿ ಎರಡು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಗುಲಗಂಜಿ ವಿಷದ ಬೀಜ. ಏನು ಸಿಕ್ಕರೂ ಬಾಯಿಗೋ ಮೂಗಿಗೋ ತುರುಕುವ ವಯಸ್ಸಿನವರ ಕೈಗೆ ಅದು ಬೇಡವೇ ಬೇಡ, ಕಾಳು ಕೊಟ್ಟಾಗಲೂ ಕಣ್ಣಿಟ್ಟಿರಬೇಕು. ಇನ್ನೊಂದು, ಅಂಗನವಾಡಿ ಸರ್ಕಾರದ ಮನೆ, ಎಲ್ಲರ ಮನೆ. ಅಲ್ಲಿಗೆ ಹಬ್ಬದ ಪೂಜೆ ಬರಬೇಕಿಲ್ಲ. ಹಬ್ಬದ ಮಣ್ಣು, ಹಬ್ಬದ ಜೋಕಾಲಿ, ಹಬ್ಬದ ಹಲಗೆಯ ಸದ್ದು ಬಂದರೆ ಸಾಕು. ಆರತಿ ಹೆಣ್ಣುಮಕ್ಕಳಿಗೆ ಮಾತ್ರ ಎಂಬ ಹಂಚಿಕೆಯೂ ಬಾಗಿಲ ಹೊರಗೇ ಉಳಿಯಲಿ.

ಕಥೆಗೆ ನಮ್ಮಲ್ಲಿ ಬೇರೆ ಆಸ್ತಿಯಿದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯನ್ನು ದೊಡ್ಡ ವೇದಿಕೆಗಳಿಗೆ ಏರಿಸಿದರು. 2023ರಲ್ಲಿ ಅವರು ತೀರಿಕೊಂಡರು. ಅಂಗನವಾಡಿಗೆ ಅಂಥ ದೊಡ್ಡ ಗೊಂಬೆ ಬೇಡ. ಮುಂಜಾನೆಯ ಬಿಸಿಲಿಗೆ ಒಂದು ಹಳೆಯ ಪಂಚೆ ಕಟ್ಟಿ, ರಟ್ಟಿನಲ್ಲಿ ಕತ್ತರಿಸಿದ ಕೋಳಿಯೊಂದನ್ನು ಕಡ್ಡಿಗೆ ಸಿಕ್ಕಿಸಿದರೆ ನೆರಳು ಮಾತಾಡುತ್ತದೆ. ವೇದಿಕೆ ಹತ್ತಲು ಹೆದರುವ ಮಗುವೂ ಪರದೆಯ ಹಿಂದೆ ನಿಂತು ಕೋಳಿಯ ದನಿಯಲ್ಲಿ ಮನಸ್ಸು ಬಿಚ್ಚುತ್ತದೆ.

ಯಾವ ಭಾಷೆಯಲ್ಲಿ ಬಿಚ್ಚುತ್ತದೆ ಎಂಬುದು ನಮ್ಮ ತಾಲ್ಲೂಕಿನ ರಾರಾವಿಯಂಥ ಊರಿನಲ್ಲಿ ಹಗುರವಾದ ಪ್ರಶ್ನೆಯಲ್ಲ. ವೇದಾವತಿಯ, ನಮ್ಮ ಬಾಯಿಮಾತಿನ ಹಗರಿಯ ದಂಡೆಯ ಊರು ಇದು. ಹೊಳೆ ದಾಟಿ ಹೋಗುವ ದಾರಿ ಆದೋನಿಯದು. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಬಂತು. ನಕ್ಷೆಯ ಗೆರೆ ಅಲ್ಲಿ ಬಿತ್ತು. ಬೀಗತನ, ಸಂತೆ, ಕೂಲಿ ಯಾವುದೂ ಆ ಗೆರೆಗೆ ನಿಲ್ಲಲಿಲ್ಲ. ಆದ್ದರಿಂದ ಈ ಕಡೆಯ ಅಂಗನವಾಡಿಯೊಂದರಲ್ಲಿ ಬಾಯಾರಿದ ಮಗು ನೀರು ಎನ್ನಬಹುದು, ನೀಳ್ಳು ಎನ್ನಬಹುದು, ಪಾನಿ ಎನ್ನಬಹುದು. ಮೂರಕ್ಕೂ ಲೋಟ ಒಂದೇ ವೇಗದಲ್ಲಿ ಬರಬೇಕು. ಮನೆಮಾತಿಗೆ ಬಾಗಿಲು ಮುಚ್ಚಿದರೆ ಮಗು ಕನ್ನಡ ಕಲಿಯುವುದಕ್ಕೆ ಮೊದಲು ಮೌನ ಕಲಿಯುತ್ತದೆ. ಬುನಾದಿ ಹಂತದ ಪಠ್ಯಕ್ರಮವೂ ಮನೆಮಾತೇ ಮೊದಲ ಮಾಧ್ಯಮವಾಗಲಿ ಎನ್ನುತ್ತದೆ. ಕನ್ನಡದ ಅಭಿಮಾನಿಯಾಗಿಯೇ ನಾನಿದನ್ನು ಹೇಳುತ್ತಿದ್ದೇನೆ: ಆಟದಲ್ಲಿ, ಹಾಡಿನಲ್ಲಿ, ಕೆರೆ-ದಡದ ಕುಣಿತದಲ್ಲಿ ಬಂದ ಕನ್ನಡ ಗಟ್ಟಿಯಾಗಿ ನಿಲ್ಲುತ್ತದೆ, ಗದರಿಸಿ ಕಲಿಸಿದ್ದು ನಿಲ್ಲುವುದಿಲ್ಲ.

ಇದಕ್ಕೆ ಎದುರಾಗಿ ಕೇಳಿಬರುವ ವಾದವನ್ನು ತಳ್ಳಿಹಾಕುವಂತಿಲ್ಲ. ನಮ್ಮ ತಾಯಂದಿರು ಕೇಳುತ್ತಾರೆ: ಮಣ್ಣಲ್ಲಿ ಆಡಲು ಮಗುವನ್ನು ಕಳಿಸಬೇಕೆ, ಅದು ಮನೆಯಲ್ಲೇ ಆಡುವುದಿಲ್ಲವೆ? ಸಾಹುಕಾರರ ಮಕ್ಕಳು ವ್ಯಾನು ಹತ್ತಿ ಎಬಿಸಿಡಿ ಕಲಿಯುತ್ತಿರುವಾಗ ನಮ್ಮ ಮಕ್ಕಳಿಗೆ ಮಾತ್ರ ಮಣ್ಣೇ? ಈ ಪ್ರಶ್ನೆಯಲ್ಲಿ ಹೊಟ್ಟೆಯ ಸಂಕಟವಿದೆ, ಶತಮಾನಗಳ ಅವಮಾನವಿದೆ. ಅಕ್ಷರ ತಡವಾಗಿ ಸಿಕ್ಕವರಿಗೇ ಅಕ್ಷರದ ಅವಸರ ಹೆಚ್ಚು. ಸರ್ಕಾರವೂ ಆ ಬೇಡಿಕೆಗೆ ಓಗೊಟ್ಟಿದೆ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಸುಮಾರು ಸಾವಿರ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರ 2024ರಲ್ಲಿ ಆದಾಗ, ಅಂಗನವಾಡಿಗಳು ಬರಿದಾಗುತ್ತವೆಂದು ಕಾರ್ಯಕರ್ತೆಯರು ಬೀದಿಗಿಳಿದರು. ಅದೇ ವರ್ಷದ ಜುಲೈ 22ರಂದು ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ಶುರುವಾಯಿತು. ಫಲಕದ ಮೇಲೆ ಯಾವ ಹೆಸರಿದೆ ಎಂಬ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ಒಳಗೆ ಮಗು ಏನು ಮಾಡುತ್ತಿದೆ ಎಂಬುದೇ ಪ್ರಶ್ನೆ. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದ ಮೇಲೆ, 2025–26ರಲ್ಲಿ ಒಂದು ವರ್ಷದ ಮಟ್ಟಿಗೆ ಸಡಿಲಿಕೆ ಸಿಕ್ಕಿದ್ದರೂ, ಮಗುವಿಗೆ ಈ ಹಂತದಲ್ಲಿ ಪೂರಾ ಮೂರು ವರ್ಷ ಸಿಗುತ್ತದೆ. ಅವಸರಕ್ಕೆ ಕಾರಣವೇ ಉಳಿದಿಲ್ಲ. ಮನೆಯಲ್ಲಿ ಆಡುವುದಿಲ್ಲವೆ ಎಂಬುದಕ್ಕೆ ಉತ್ತರ: ಆಡುತ್ತದೆ. ಆದರೆ ನಾಟಿಯ ದಿನಗಳಲ್ಲಿ ತಾಯಿ ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗಿರುತ್ತಾಳೆ, ಅಕ್ಕನೇ ತಮ್ಮನನ್ನು ಎತ್ತಿಕೊಂಡು ತನ್ನ ಶಾಲೆ ತಪ್ಪಿಸಿಕೊಳ್ಳುತ್ತಾಳೆ, ಆಟಕ್ಕೆ ಜೊತೆಯಾಗಿ ಮಾತು ಬೆಳೆಸುವ ದೊಡ್ಡವರು ಯಾರೂ ಇರುವುದಿಲ್ಲ. ಮೂರರ ಒಳಗಿನ ಕೂಸುಗಳಿಗೆಂದು ರಾಜ್ಯದ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ 2023ರ ಬಜೆಟ್ ಹೇಳಿದ್ದು ಈ ಕಾರಣಕ್ಕೇ. ಮಣ್ಣು ಮನೆಯಲ್ಲೂ ಇದೆ. ಮಣ್ಣಿನ ಎದುರು ಕುಳಿತು ನಿನ್ನ ಎತ್ತು ಎಲ್ಲಿಗೆ ಹೊರಟಿದೆ ಎಂದು ಕೇಳುವವರು ಅಂಗನವಾಡಿಯಲ್ಲಿದ್ದಾರೆ.

ಹಾಗೆ ಕೇಳಲು ಅವರಿಗೆ ಪುರುಸೊತ್ತಿದೆಯೇ? ಇದನ್ನು ಮರೆತು ಚಟುವಟಿಕೆಯ ಬಗ್ಗೆ ಉಪನ್ಯಾಸ ಕೊಡುವುದು ಅಪ್ರಾಮಾಣಿಕವಾದೀತು. ಬೆಳಗ್ಗೆ ಮಕ್ಕಳ ಎಣಿಕೆ, ತೂಕ, ಎತ್ತರ, ಬಾಣಂತಿಯರ ಪಟ್ಟಿ, ಇವನ್ನೆಲ್ಲ 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ಗೆ ತುಂಬುವುದು, ನಡುವೆ ಸಮೀಕ್ಷೆ, ಚುನಾವಣೆಯ ಪಟ್ಟಿ. ಇಷ್ಟಾಗಿಯೂ ಕೈಗೆ ಬರುವುದು ಸಂಬಳವಲ್ಲ, ಗೌರವಧನ. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಾಗ, ಈ ಹೆಂಗಸರು ಮಾಡುತ್ತಿರುವುದು ಕಾನೂನು ವಿಧಿಸಿದ ಕರ್ತವ್ಯ ಎಂಬುದನ್ನು ಒತ್ತಿ ಹೇಳಿತು; ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣವೂ ಅದರೊಳಗಿದೆ. ಬಾಲ್ಯವನ್ನು ಸಂಭ್ರಮಿಸುತ್ತೇವೆ ಎನ್ನುವ ಸಮಾಜ ಬಾಲ್ಯದ ಜೊತೆ ಕೂರುವವಳ ಎರಡು ತಾಸನ್ನಾದರೂ ಕಾಯ್ದುಕೊಡಬೇಕು. ಆ ಎರಡು ತಾಸಿನಲ್ಲಿ ಯಾವ ಮೇಲಧಿಕಾರಿಯ ಫೋನೂ ಬರಬಾರದು.

ಕೊನೆಯದಾಗಿ ನನ್ನದೊಂದು ಕೋರಿಕೆ. ಅದು ಗ್ರಾಮ ಪಂಚಾಯಿತಿ ಸದಸ್ಯರಿಗೆ, ಬಾಲವಿಕಾಸ ಸಮಿತಿಯ ತಾಯಂದಿರಿಗೆ, ಊರ ಹಿರಿಯರಿಗೆ. ಮುಂದಿನ ಬಾಲಮೇಳಕ್ಕೆ ಶಾಮಿಯಾನ, ಮೈಕು, ಕುರ್ಚಿಗೆ ಕೊಡುವ ಬಾಡಿಗೆಯನ್ನು ಒಂದು ಸಲ ಉಳಿಸಿ. ಹಗರಿ ದಂಡೆಯ ಒಂದು ಟ್ರಾಲಿ ಜಿಗುಟು ಮಣ್ಣನ್ನು ಗಾಜು, ಮುಳ್ಳು ಆರಿಸಿ ಅಂಗನವಾಡಿಯ ಅಂಗಳಕ್ಕೆ ಸುರಿಸಿ. ಪಕ್ಕದಲ್ಲಿ ಎರಡು ಕೊಡ ನೀರು, ಕೈ ತೊಳೆಯಲು ಸಾಬೂನು ಇಡಿ. ಆಮೇಲೆ ಭಾಷಣ ಮಾಡದೆ ನೀವೂ ನೆಲದ ಮೇಲೆ ಕೂತು, ಒಂದು ಎತ್ತು ಮಾಡಿ.